ರಾತ್ರಿ ಎರಡು ಗಂಟೆಗೆ ಯಾರನ್ನು ಎಬ್ಬಿಸುತ್ತೀರಿ?

ನನ್ನಲ್ಲಿಗೆ ಬರುವ ಹಿರಿಯರಿಗೆ ಬಿಪಿ, ಶುಗರ್ ನೋಡಿದ ಮೇಲೆ ಒಂದು ಪ್ರಶ್ನೆ ಕೇಳುತ್ತೇನೆ: ನಡುರಾತ್ರಿ ಹುಷಾರು ತಪ್ಪಿದರೆ, ಇಲ್ಲವೇ ಸುಮ್ಮನೆ ಭಯವಾದರೆ, ಯಾರನ್ನು ಎಬ್ಬಿಸುತ್ತೀರಿ? ‘ಮಕ್ಕಳಿಗೆ ಯಾಕೆ ಡಾಕ್ಟ್ರೇ ತೊಂದರೆ’ ಅನ್ನುವವರೇ ಹೆಚ್ಚು.

ಪ್ರಶ್ನೆ ನನ್ನದಲ್ಲ. 1938ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಶುರುವಾಗಿ, 724 ಗಂಡಸರ ಬದುಕನ್ನು ದಶಕಗಟ್ಟಲೆ ಹಿಂಬಾಲಿಸಿದ ಅಧ್ಯಯನದಲ್ಲಿ ಹೀಗೇ ಕೇಳಿದ್ದರು. ಐವತ್ತನೇ ವಯಸ್ಸಿನಲ್ಲಿ ಹತ್ತಿರದವರ ಜೊತೆ ಎಷ್ಟು ನೆಮ್ಮದಿಯಾಗಿದ್ದರು ಎನ್ನುವುದು, ಎಂಬತ್ತರಲ್ಲಿ ಹೇಗಿರುತ್ತಾರೆ ಎಂಬುದನ್ನು ಕೊಲೆಸ್ಟ್ರಾಲ್‌ಗಿಂತ ಚೆನ್ನಾಗಿ ಸೂಚಿಸಿತ್ತು.

ಕಳೆದ ವರ್ಷ ಒಬ್ಬ ನಿವೃತ್ತ ಮೇಷ್ಟ್ರು ಹೆಂಡತಿಯ ಜೊತೆ ಬಂದಿದ್ದರು. ಆ ಅಮ್ಮನನ್ನು ಇದೇ ಪ್ರಶ್ನೆ ಕೇಳಿದೆ. ‘ಪಕ್ಕದಲ್ಲೇ ಇವರಿದ್ದಾರೆ. ಕೂಗಿದರೆ ಕೇಳಿಸಬೇಕಲ್ಲ?’ ಮೇಷ್ಟ್ರು ನನ್ನ ತುಟಿಯನ್ನೇ ನೋಡುತ್ತ ನಗುತ್ತಿದ್ದರು.

ವಯಸ್ಸಿನ ಕಿವುಡು ಎತ್ತರದ ಸ್ವರಗಳನ್ನು ಮೊದಲು ಕಸಿಯುತ್ತದೆ. ಸ, ಷ, ತ, ಕ ಮಸುಕಾಗುತ್ತವೆ. ಹಾಗಾಗಿಯೇ ‘ಕೇಳಿಸುತ್ತೆ, ಏನಂದರು ಅಂತ ಗೊತ್ತಾಗಲ್ಲ’ ಎನ್ನುತ್ತಾರೆ. ಹೆಂಡತಿಯ ದನಿ, ಮೊಮ್ಮಕ್ಕಳ ದನಿ ಮೊದಲು ಕೈತಪ್ಪುತ್ತವೆ. ಮನೆಯಲ್ಲಿ ಎರಡು ಸಲ ಹೇಳುತ್ತಾರೆ, ಆಮೇಲೆ ಕೂಗುತ್ತಾರೆ. ಕೂಗಿದ್ದು ಬೈದ ಹಾಗೆ ಕೇಳಿ ಇವರಿಗೆ ನೋವು. ಕೊನೆಗೆ ಊಟ, ಮಾತ್ರೆ, ಫೋನು, ಇಷ್ಟೇ ಮಾತು. ‘ಪಕ್ಕದ ಮನೆ ಮಲ್ಲಿಗೆ ಮೊಗ್ಗು ಬಿಟ್ಟಿದೆ’ ಅನ್ನುವುದನ್ನು ಯಾರೂ ಕೂಗಿ ಹೇಳುವುದಿಲ್ಲ. ಇಬ್ಬರನ್ನು ಐವತ್ತು ವರ್ಷ ಹತ್ತಿರ ಇಟ್ಟಿದ್ದು ಇಂಥ ಮಾತುಗಳೇ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಮರೆವಿನ ಕಾಯಿಲೆಗೆ ದಾರಿಯಾಗುವ, ಆದರೆ ನಾವು ತಡೆಯಬಹುದಾದ 14 ಕಾರಣಗಳನ್ನು 2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ ಪಟ್ಟಿ ಮಾಡಿದೆ. ಕಿವುಡು ಅದರಲ್ಲೊಂದು.

ಕೂಗಬೇಡಿ. ಎದುರಿಗೆ ಕೂತು, ಟಿವಿ ಆರಿಸಿ, ನಿಧಾನವಾಗಿ ಮಾತಾಡಿ. ಕಿವಿ ಪರೀಕ್ಷೆ ಮಾಡಿಸಿ. ಹಿಯರಿಂಗ್ ಏಡ್ ಹಾಕಿದ ಮೊದಲ ವಾರ ಪಾತ್ರೆ ಸದ್ದೂ ತಲೆ ಸಿಡಿಸುತ್ತದೆ. ಬಹಳ ಜನ ಆಗಲೇ ಅದನ್ನು ತೆಗೆದು ಡ್ರಾಯರಿಗೆ ಹಾಕಿಬಿಡುತ್ತಾರೆ. ಮಿದುಳಿಗೆ ಒಗ್ಗಲು ಕೆಲವು ವಾರ ಬೇಕು. ಮೊದಲು ಸದ್ದಿಲ್ಲದ ಕೋಣೆಯಲ್ಲಿ ದಿನಕ್ಕೆ ಒಂದೆರಡು ಗಂಟೆ ಹಾಕಿಕೊಂಡರೆ ಸಾಕು.

ಒಬ್ಬರೇ ಇರುವವರಿಗೂ ನನ್ನ ಪ್ರಶ್ನೆ ಅದೇ. ಪಕ್ಕದ ಮನೆಯವರಾದರೂ ಸರಿ, ಒಂದು ಹೆಸರು ಇರಲಿ, ಅವರಿಗೆ ಈಗಲೇ ಹೇಳಿಡಿ. ಹಗಲು ಹೊತ್ತಿಗೆ ಹಿರಿಯರ ಸಹಾಯವಾಣಿ 14567 ಕೂಡ ಬರೆದಿಟ್ಟುಕೊಳ್ಳಿ.

ಎರಡು ತಿಂಗಳಾದ ಮೇಲೆ ಮೇಷ್ಟ್ರು ಮತ್ತೆ ಬಂದರು. ನಾನು ಚೀಟಿ ಬರೆಯುತ್ತಿದ್ದಾಗ ಅಮ್ಮ ಅವರತ್ತ ಬಾಗಿ ಮೆಲ್ಲಗೆ ಏನೋ ಹೇಳಿದರು. ‘ಹೂಂ, ಹೋಗ್ತಾ ತಗೊಳ್ಳೋಣ’ ಎಂದರು ಮೇಷ್ಟ್ರು. ಏನನ್ನು ಎಂದು ನನಗೆ ಕೇಳಿಸಲಿಲ್ಲ.