ಹಸುಗೂಸಿನ ಎಚ್‌ಐವಿ ಪರೀಕ್ಷೆ: ಆ ಪಾಸಿಟಿವ್ ಯಾರದು?

ಎಚ್‌ಐವಿ ಇರುವ ತಾಯಿಗೆ ಹುಟ್ಟಿದ ಮಗುವಿನ ರಕ್ತವನ್ನು ದೊಡ್ಡವರಿಗೆ ಬಳಸುವ ಮಾಮೂಲಿ ಕಿಟ್‌ನಲ್ಲಿ ಪರೀಕ್ಷಿಸಿದರೆ, ಹೆಚ್ಚುಕಮ್ಮಿ ಪ್ರತಿ ಸಲವೂ ಪಾಸಿಟಿವ್ ಬರುತ್ತದೆ. ಮಗುವಿಗೆ ಸೋಂಕು ಇಲ್ಲದಿದ್ದರೂ ಬರುತ್ತದೆ. ಇದು ಗೊತ್ತಿಲ್ಲದ ತಾಯಿಗೆ ಆ ಫಲಿತಾಂಶ ಕೇಳಿದರೆ ಜೀವವೇ ಬಾಯಿಗೆ ಬರುತ್ತದೆ.

ಆ ಕಿಟ್ ಮುಖ್ಯವಾಗಿ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು. ಬಸಿರಿನ ಕೊನೆಯ ತಿಂಗಳುಗಳಲ್ಲಿ ತಾಯಿಯ ಐಜಿಜಿ ಎಂಬ ಬಗೆಯ ಪ್ರತಿಕಾಯಗಳು ಮಾಸು ದಾಟಿ ಧಾರಾಳವಾಗಿ ಮಗುವಿನ ರಕ್ತ ಸೇರುತ್ತವೆ. ಹುಟ್ಟಿದ ಹೊಸತರಲ್ಲಿ ದಡಾರದಂಥ ಕಾಯಿಲೆಗಳಿಂದ ಮಗುವನ್ನು ಕಾಯುವುದೂ ಇದೇ ಏರ್ಪಾಡು. ಅದರ ಜೊತೆಗೇ ಎಚ್‌ಐವಿ ಪ್ರತಿಕಾಯಗಳೂ ಬಂದುಬಿಡುತ್ತವೆ. ಅವು ಪೂರ್ತಿ ಕರಗಲು 18 ತಿಂಗಳವರೆಗೂ ಹಿಡಿಯಬಹುದು. ಅಲ್ಲಿಯವರೆಗೆ ಆ ಪಾಸಿಟಿವ್ ಹೇಳುವುದು ತಾಯಿಯ ವಿಷಯ, ಮಗುವಿನದಲ್ಲ.

ಹಾಗಾದರೆ 18 ತಿಂಗಳು ಸುಮ್ನೆ ಕಾಯಬಹುದಲ್ವಾ? ಖಂಡಿತ ಕಾಯಬಾರದು. ಸೋಂಕು ತಗುಲಿಯೂ ಚಿಕಿತ್ಸೆ ಸಿಗದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಎರಡು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಾರೆ. ಸಾವು ಹೆಚ್ಚಾಗುವುದು ಎರಡು, ಮೂರನೇ ತಿಂಗಳಲ್ಲೇ. ಬಲಿಯದ ರೋಗನಿರೋಧಕ ಶಕ್ತಿಯ ಎದುರು ವೈರಸ್ ತುಂಬಾ ಬೇಗ ಬೆಳೆಯುತ್ತದೆ.

ಅದಕ್ಕೇ ಮಕ್ಕಳಿಗೆ ಬೇರೆ ಪರೀಕ್ಷೆ ಬೇಕು. ಪಿಸಿಆರ್ ತಂತ್ರದಿಂದ ವೈರಸ್ಸಿನ ಡಿಎನ್‌ಎ ಅಥವಾ ಆರ್‌ಎನ್‌ಎಯನ್ನೇ ನೇರವಾಗಿ ಹುಡುಕುತ್ತಾರೆ. ಹಿಮ್ಮಡಿಗೆ ಸಣ್ಣದಾಗಿ ಚುಚ್ಚಿ, ನಾಲ್ಕೈದು ಹನಿ ರಕ್ತವನ್ನು ಫಿಲ್ಟರ್ ಕಾಗದದ ಮೇಲೆ ಒಣಗಿಸಿದರೂ ಸಾಕು. ಒಣಗಿದ ಹನಿಗೆ ತಣ್ಣನೆ ಪೆಟ್ಟಿಗೆ ಬೇಕಿಲ್ಲ, ದೂರದ ಲ್ಯಾಬಿಗೂ ಕಳಿಸಬಹುದು. ದೊಡ್ಡ ಲ್ಯಾಬ್ ಹತ್ತಿರವಿಲ್ಲದ ಮಕ್ಕಳಿಗೆ ಈ ಕಾಗದದ ತುಂಡು ಮಾಡಿದ ಉಪಕಾರ ಸಣ್ಣದಲ್ಲ.

ಈ ಪರೀಕ್ಷೆಯನ್ನು ಸಾಮಾನ್ಯವಾಗಿ 4ರಿಂದ 6 ವಾರಕ್ಕೆ ಮಾಡುತ್ತಾರೆ. ಕೆಲವು ಕಡೆ ಹುಟ್ಟಿದ ಕೂಡಲೇ ಒಂದು ಸಲ ಮಾಡುವುದೂ ಉಂಟು. ಆದರೆ ಹೆರಿಗೆಯ ಹೊತ್ತಿನಲ್ಲಿ ತಗುಲಿದ ಸೋಂಕು ಮೊದಲ ದಿನಗಳಲ್ಲಿ ಪತ್ತೆಯಾಗುವಷ್ಟು ಬೆಳೆದಿರುವುದಿಲ್ಲ. ಹಾಗಾಗಿ ಹುಟ್ಟಿದ ದಿನದ ನೆಗೆಟಿವ್ ನಂಬಿ ಸುಮ್ಮನಾಗುವಂತಿಲ್ಲ. ಪಾಸಿಟಿವ್ ಬಂದರೆ ಖಚಿತಪಡಿಸಿಕೊಳ್ಳಲು ಇನ್ನೊಂದು ಮಾದರಿ ತೆಗೆಯುತ್ತಾರೆ, ಆದರೆ ಅದರ ಫಲಿತಾಂಶಕ್ಕೆ ಕಾಯದೆ ಔಷಧ ಶುರು ಮಾಡುತ್ತಾರೆ. ಈ ಅವಸರಕ್ಕೆ ಕಾರಣವಿದೆ. 2008ರಲ್ಲಿ ಪ್ರಕಟವಾದ ದಕ್ಷಿಣ ಆಫ್ರಿಕಾದ ಅಧ್ಯಯನವೊಂದರಲ್ಲಿ, ಲಕ್ಷಣ ಕಾಣಲಿ ಎಂದು ಕಾಯದೆ ಎಳೆಗೂಸಿನಲ್ಲೇ ಚಿಕಿತ್ಸೆ ಕೊಟ್ಟಾಗ ಸಾವುಗಳು ಶೇಕಡಾ 76ರಷ್ಟು ಕಡಿಮೆಯಾಗಿದ್ದವು.

ಇಷ್ಟೆಲ್ಲ ಮಾಡುವುದಕ್ಕಿಂತ ಮಗುವಿಗೆ ಸೋಂಕು ತಗುಲದಂತೆಯೇ ನೋಡಿಕೊಳ್ಳುವುದು ಒಳ್ಳೆಯದು, ಮತ್ತು ಅದು ಸಾಧ್ಯ. ವೈರಸ್ ಗರ್ಭದಲ್ಲಿ, ಹೆರಿಗೆಯಲ್ಲಿ, ಎದೆಹಾಲಿನಲ್ಲಿ, ಹೀಗೆ ಮೂರು ದಾರಿಗಳಲ್ಲಿ ಮಗುವಿಗೆ ದಾಟಬಹುದು. ಏನೂ ಮಾಡದಿದ್ದರೆ 100ರಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗುಲುತ್ತದೆ. 1994ರಲ್ಲಿ ಜಿಡೊವುಡಿನ್ ಎಂಬ ಒಂದೇ ಔಷಧ ಈ ಪ್ರಮಾಣವನ್ನು ಶೇಕಡಾ 25.5ರಿಂದ 8.3ಕ್ಕೆ ಇಳಿಸಿ ತೋರಿಸಿತು. ಈಗ ಹಲವು ಔಷಧ ಸೇರಿದ ಎಆರ್‌ಟಿ ಎಂಬ ಚಿಕಿತ್ಸೆ ಇದೆ. ತಾಯಿ ಅದನ್ನು ಬೇಗ ಶುರು ಮಾಡಿ, ಬಿಡದೆ ನುಂಗಿ, ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಇಳಿದರೆ ಅಪಾಯ ಶೇಕಡಾ 1ರ ಆಸುಪಾಸಿಗೆ ಬರುತ್ತದೆ. 2015ರಲ್ಲಿ ಕ್ಯೂಬಾ, ಮರುವರ್ಷ ಥಾಯ್ಲೆಂಡ್, ತಾಯಿಯಿಂದ ಮಗುವಿಗೆ ಎಚ್‌ಐವಿ ಹರಡುವುದನ್ನು ತಡೆದ ದೇಶಗಳೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾನ್ಯತೆ ಪಡೆದವು.

ಇದೆಲ್ಲ ನಡೆಯಬೇಕಾದರೆ ಬಸುರಿಗೆ ಮೊದಲ ತಪಾಸಣೆಯಲ್ಲೇ ಎಚ್‌ಐವಿ ಪರೀಕ್ಷೆ ಆಗಬೇಕು. ಪಾಸಿಟಿವ್ ಬಂದರೆ ಬೇರೆ ಬೇರೆ ಕಿಟ್‌ಗಳಲ್ಲಿ ಮತ್ತೆ ನೋಡಿ ಖಚಿತಪಡಿಸುತ್ತಾರೆ. ನೆಗೆಟಿವ್ ಬಂದವರ ವಿಷಯದಲ್ಲಿ ನಾವು ಎಚ್ಚರ ತಪ್ಪುವುದೇ ಜಾಸ್ತಿ ಎಂದು ನನಗನ್ನಿಸುತ್ತದೆ. ಸೋಂಕು ತಗುಲಿದ ಮೊದಲ ಕೆಲವು ವಾರ ಕಿಟ್ ಅದನ್ನು ಹಿಡಿಯುವುದಿಲ್ಲ. ಪರೀಕ್ಷೆಯ ನಂತರ, ಬಸಿರಿನ ನಡುವೆಯೇ ಹೊಸದಾಗಿ ಸೋಂಕು ತಗುಲಲೂಬಹುದು. ಹೊಸ ಸೋಂಕಿನಲ್ಲಿ ವೈರಸ್ ಪ್ರಮಾಣ ವಿಪರೀತ ಇರುತ್ತದೆ, ಮಗುವಿಗೆ ದಾಟುವ ಸಾಧ್ಯತೆಯೂ ಅಷ್ಟೇ ಜಾಸ್ತಿ. ಅದಕ್ಕೇ ಅಪಾಯ ಹೆಚ್ಚಿರುವಲ್ಲಿ ಕೊನೆಯ ಮೂರು ತಿಂಗಳಲ್ಲಿ ಮತ್ತೊಮ್ಮೆ ಪರೀಕ್ಷೆ ಮಾಡಬೇಕು. ಗಂಡನಿಗೂ ಪರೀಕ್ಷೆಯಾಗಬೇಕು ಅನ್ನುವುದು ಇದೇ ಕಾರಣಕ್ಕೆ.

ಇಲ್ಲಿ ಆಪ್ತಸಮಾಲೋಚನೆಯ ಕೆಲಸ ದೊಡ್ಡದು. ಅದು ಉಪದೇಶವಲ್ಲ. ಪರೀಕ್ಷೆಗೆ ಬಸುರಿ ಅರ್ಥಮಾಡಿಕೊಂಡು ಒಪ್ಪಬೇಕು, ಬೇಡ ಅನ್ನುವ ಹಕ್ಕೂ ಅವಳಿಗಿರಬೇಕು. ಫಲಿತಾಂಶ ಅವಳಿಗೆ ಮಾತ್ರ ಗೊತ್ತಾಗಬೇಕು. ಬಸಿರಿನಲ್ಲಿ ಪರೀಕ್ಷೆಯಾಗುವುದು ಮೊದಲು ಹೆಂಗಸಿಗೇ. ಹಾಗಾಗಿ ಗಂಡನಿಂದಲೇ ಬಂದ ಸೋಂಕಾದರೂ ಮನೆಗೆ ರೋಗ ತಂದವಳು ಎಂಬ ಆರೋಪ ಅವಳ ತಲೆಗೇ ಬರುತ್ತದೆ. ಹೊಡೆತ ಬೀಳುವ, ಮನೆಯಿಂದ ಹೊರಹಾಕುವ ಭಯವಿದ್ದರೆ ಅವಳು ಮಾತ್ರೆ ಬಚ್ಚಿಡುತ್ತಾಳೆ, ನುಂಗುವುದು ತಪ್ಪುತ್ತದೆ, ವೈರಸ್ ಮತ್ತೆ ಏರುತ್ತದೆ. ಯಾರಿಗೆ, ಯಾವಾಗ, ಹೇಗೆ ಹೇಳುವುದು ಎಂದು ಅವಳ ಜೊತೆ ಕೂತು ಯೋಚಿಸುವವರು ಮಗುವಿನ ಜೀವವನ್ನೂ ಕಾಯುತ್ತಿರುತ್ತಾರೆ.

ಹಾಲಿನ ಪ್ರಶ್ನೆಯೂ ಈ ಆಪ್ತಸಮಾಲೋಚಕರ ಮುಂದೆಯೇ ಬರುತ್ತದೆ. ಚಿಕಿತ್ಸೆಯಲ್ಲಿರುವ ತಾಯಿ ಎದೆಹಾಲು ಕೊಡಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕೊಡುವುದಾದರೆ ಮೊದಲ ಆರು ತಿಂಗಳು ಎದೆಹಾಲನ್ನು ಮಾತ್ರ ಕೊಡುವುದು ಒಳ್ಳೆಯದು. ಔಷಧ ಇಲ್ಲದ ಕಾಲದ ಅಧ್ಯಯನಗಳಲ್ಲಿ, ಎದೆಹಾಲಿನ ಜೊತೆ ಬೇರೆ ಆಹಾರವನ್ನೂ ಕೊಟ್ಟ ಮಕ್ಕಳಿಗೆ ಬರೀ ಎದೆಹಾಲು ಕುಡಿದವರಿಗಿಂತ ಹೆಚ್ಚು ಸೋಂಕು ತಗುಲಿತ್ತು. ಮಗುವಿಗೂ ಹುಟ್ಟಿದ ಕೂಡಲೇ ನೆವಿರಾಪಿನ್‌ನಂಥ ಔಷಧವನ್ನು ಕೆಲವು ವಾರ ಕೊಡುತ್ತಾರೆ.

ಆರನೇ ವಾರದ ಪರೀಕ್ಷೆ ನೆಗೆಟಿವ್ ಬಂದಾಗ ಎಷ್ಟೋ ತಾಯಂದಿರು ನಿರಾಳರಾಗಿ ಮತ್ತೆ ಬರುವುದೇ ಇಲ್ಲ. ಆದರೆ ಎದೆಹಾಲು ಕುಡಿಯುವವರೆಗೂ ಅಪಾಯ ಸ್ವಲ್ಪವಾದರೂ ಉಳಿದಿರುತ್ತದೆ. ಒಂಬತ್ತನೇ ತಿಂಗಳಲ್ಲಿ ಮತ್ತೊಂದು ಪರೀಕ್ಷೆ ಇರುತ್ತದೆ. ಕೊನೆಯದು 18 ತಿಂಗಳಿಗೆ, ಅಥವಾ ಹಾಲು ಬಿಡಿಸಿ ಮೂರು ತಿಂಗಳಾದ ಮೇಲೆ, ಇವೆರಡರಲ್ಲಿ ಯಾವುದು ತಡವೋ ಆಗ. ಅಷ್ಟು ಹೊತ್ತಿಗೆ ತಾಯಿಯ ಪ್ರತಿಕಾಯಗಳು ಕರಗಿರುತ್ತವೆ, ಮಾಮೂಲಿ ಕಿಟ್ ಕೂಡ ಮಗುವಿನ ಬಗ್ಗೆಯೇ ಹೇಳುತ್ತದೆ. ಆಗ ಬಂದ ನೆಗೆಟಿವ್ ನೋಡಿ ಮಗುವಿಗೆ ಎಚ್‌ಐವಿ ಇಲ್ಲ ಎಂದು ತಾಯಿಗೆ ಖಚಿತವಾಗಿ ಹೇಳಬಹುದು.