ಪಿಎಸ್ ಪಟ್ಟಿಯಲ್ಲಿ ಬಳಕೆದಾರರ ಹೆಸರು ತುಂಡಾಗುವುದೇಕೆ?

ಪ್ರಶ್ನೆ: ನಮ್ಮ ಲಿನಕ್ಸ್ ಸರ್ವರ್‌ನಲ್ಲಿ ಪ್ರೊಸೆಸ್‌ಗಳ (ಓಡುತ್ತಿರುವ ಪ್ರೋಗ್ರಾಂಗಳ) ಪಟ್ಟಿ ತೋರಿಸುವ ಪಿಎಸ್ ಕಮಾಂಡ್ ಕೊಟ್ಟರೆ ಕೆಲವು ಪ್ರೊಸೆಸ್‌ಗಳ ಎದುರು ‘ಸಿಸ್ಟಮ್‌ಡಿ+’ (systemd+) ಎಂಬ ಬಳಕೆದಾರರ ಹೆಸರು ಕಾಣುತ್ತದೆ. ಅಂಥ ಖಾತೆಯನ್ನು ನಾವು ತೆರೆದೇ ಇಲ್ಲ. ಅದು ಯಾರದು? ಪೂರ್ತಿ ಹೆಸರು ನೋಡುವುದು ಹೇಗೆ?

ಉತ್ತರ: ಕೊನೆಯಲ್ಲಿರುವ ಪ್ಲಸ್ ಚಿಹ್ನೆ ಹೆಸರಿನ ಭಾಗವಲ್ಲ, ಹೆಸರು ಕಾಲಂನಲ್ಲಿ ಹಿಡಿಸಲಿಲ್ಲ ಎಂಬುದರ ಗುರುತು. ಪಿಎಸ್ ಈ ಕಾಲಂಗೆ ಸಾಮಾನ್ಯವಾಗಿ 8 ಅಕ್ಷರಗಳ ಜಾಗವನ್ನಷ್ಟೇ ಕೊಡುತ್ತದೆ. ಇಂದಿನ ಲಿನಕ್ಸ್‌ನಲ್ಲಿ 32 ಅಕ್ಷರಗಳವರೆಗೆ ಹೆಸರಿಡಬಹುದಾದರೂ, ಹಳೆಯ ಯುನಿಕ್ಸ್‌ನ ಚಿಕ್ಕ ಹೆಸರುಗಳಿಗೆ ಸಾಕಾಗುತ್ತಿದ್ದ ಅಳತೆಯೇ ಇಲ್ಲಿ ಉಳಿದುಕೊಂಡಿದೆ. ಹೆಸರು ಅದಕ್ಕಿಂತ ಉದ್ದವಾದರೆ ಮೊದಲ 7 ಅಕ್ಷರಗಳನ್ನು ತೋರಿಸಿ, ಎಂಟನೆಯದರ ಜಾಗದಲ್ಲಿ ಪ್ಲಸ್ ಹಾಕಲಾಗುತ್ತದೆ. ಹಳೆಯ ಆವೃತ್ತಿಗಳಾದರೋ ಇಂಥ ಕಡೆ ಹೆಸರನ್ನೇ ಬಿಟ್ಟು ಬಳಕೆದಾರರ ಗುರುತಿನ ಸಂಖ್ಯೆಯನ್ನು ತೋರಿಸುತ್ತಿದ್ದವು.

ನಿಮ್ಮ ಪಟ್ಟಿಯಲ್ಲಿ ನಿಜವಾಗಿ ಎಚ್ಚರ ಬೇಕಾದ ಸಂಗತಿ ಬೇರೆಯೇ ಇದೆ. ಸಿಸ್ಟಮ್‌ಡಿ-ರಿಸಾಲ್ವ್, ಸಿಸ್ಟಮ್‌ಡಿ-ನೆಟ್‌ವರ್ಕ್, ಸಿಸ್ಟಮ್‌ಡಿ-ಟೈಮ್‌ಸಿಂಕ್ ಎಂಬ, ವ್ಯವಸ್ಥೆಯೇ ತನ್ನ ಸೇವೆಗಳಿಗಾಗಿ ಇಟ್ಟುಕೊಂಡಿರುವ ಮೂರು ಬೇರೆ ಬೇರೆ ಖಾತೆಗಳ ಹೆಸರುಗಳೂ ತುಂಡಾದ ಮೇಲೆ ಒಂದೇ ರೂಪದಲ್ಲಿ ಕಾಣುತ್ತವೆ. ಆದ್ದರಿಂದ ಪರದೆಯ ಮೇಲಿನ ಹೆಸರನ್ನು ಗ್ರೆಪ್ ಎಂಬ ಪಠ್ಯ ಹುಡುಕುವ ಕಮಾಂಡ್ ಮೂಲಕ ಹುಡುಕಿ, ಸಿಕ್ಕ ಪ್ರೊಸೆಸ್‌ಗಳನ್ನು ನಿಲ್ಲಿಸುವ ಸ್ಕ್ರಿಪ್ಟ್ ಬರೆಯುವುದು ಅಪಾಯಕರ. ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಗೊತ್ತಿರುವುದು ಬಳಕೆದಾರರ ಗುರುತಿನ ಸಂಖ್ಯೆ ಮಾತ್ರ. ಅದನ್ನು ಹೆಸರಾಗಿ ಬದಲಿಸುವ ಕೆಲಸ ಪಿಎಸ್‌ನದು. ಒಬ್ಬರ ಪ್ರೊಸೆಸ್‌ಗಳಷ್ಟೇ ಬೇಕಿದ್ದರೆ ಪಿಎಸ್‌ಗೆ ಅಥವಾ ಪ್ರೊಸೆಸ್ ಹುಡುಕುವ ಪಿಗ್ರೆಪ್ ಕಮಾಂಡ್‌ಗೆ ‘-ಯು’ (-u) ಆಯ್ಕೆಯೊಂದಿಗೆ ಪೂರ್ತಿ ಹೆಸರನ್ನು ಕೊಡಿ. ಆಗ ಹೋಲಿಕೆ ನಡೆಯುವುದು ಸಂಖ್ಯೆಯ ಆಧಾರದ ಮೇಲೆ. ಕಾಲಂನ ಅಗಲ ಅಡ್ಡ ಬರುವುದಿಲ್ಲ.

ಪೂರ್ತಿ ಹೆಸರು ಕಣ್ಣಿಗೆ ಕಾಣಬೇಕಿದ್ದರೆ ಕಾಲಂಗಳನ್ನು ನಾವೇ ಆರಿಸುವ ‘-ಒ’ (-o) ಆಯ್ಕೆಯನ್ನು ಬಳಸಿ, ಯೂಸರ್ ಎಂಬ ಪದದ ಪಕ್ಕ ಜಾಗ ಬಿಡದೆ ಕೋಲನ್ ಮತ್ತು 32 ಎಂದು (user:32) ಬರೆಯಬೇಕು. ಅದರ ನಂತರ ಅಲ್ಪವಿರಾಮ ಹಾಕಿ ಪಿಐಡಿ (ಪ್ರೊಸೆಸ್‌ನ ಸಂಖ್ಯೆ), ಆರ್ಗ್ಸ್ (ಪೂರ್ತಿ ಕಮಾಂಡ್ ಸಾಲು) ಮುಂತಾದ ಬೇಕಾದ ಕಾಲಂಗಳನ್ನು ಸೇರಿಸಬಹುದು. ಹಲವರು ಮೊದಲು ಪ್ರಯತ್ನಿಸುವ ‘ಡಬ್ಲ್ಯೂ’ ಆಯ್ಕೆಯಿಂದ ಇಲ್ಲಿ ಪ್ರಯೋಜನವಿಲ್ಲ; ಅದು ಉದ್ದನೆಯ ಕಮಾಂಡ್ ಸಾಲಿಗೆ ಜಾಗ ಕೊಡುತ್ತದೆಯೇ ಹೊರತು ಹೆಸರಿನ ಕಾಲಂ ಅನ್ನು ಹಿಗ್ಗಿಸುವುದಿಲ್ಲ.

ಪ್ರೊಸೆಸ್‌ಗಳ ಪಟ್ಟಿಯನ್ನು ಆಗಾಗ ಹೊಸದಾಗಿಸುತ್ತ ತೋರಿಸುವ ಟಾಪ್ ಕಮಾಂಡ್‌ನಲ್ಲಿಯೂ ಇದೇ ತೊಂದರೆ ಇದೆ. ಅಲ್ಲಿ ದೊಡ್ಡಕ್ಷರದ ಎಕ್ಸ್ ಒತ್ತಿ, ಹೆಚ್ಚುವರಿಯಾಗಿ ಎಷ್ಟು ಅಕ್ಷರಗಳ ಅಗಲ ಬೇಕೆಂದು ತಿಳಿಸಬೇಕು. ಋಣ ಸಂಖ್ಯೆ ಕೊಟ್ಟರೆ ಟಾಪ್ ತಾನಾಗಿಯೇ ಅಗತ್ಯವಿರುವಷ್ಟು ಅಗಲ ಮಾಡಿಕೊಳ್ಳುತ್ತದೆ.