ಕಡಿತದ ಸೂತ್ರ ಬದಲಾದಾಗಲೆಲ್ಲ ಹ್ಯಾಸ್ಕೆಲ್ ಪ್ರೋಗ್ರಾಮನ್ನು ಮತ್ತೆ ಕಂಪೈಲ್ ಮಾಡಲೇಬೇಕೇ?

ಪ್ರಶ್ನೆ: ಗೋಣಿಕೊಪ್ಪದಲ್ಲಿ ನಮ್ಮದು ಕಾಫಿ ಖರೀದಿ ವ್ಯಾಪಾರ. ರೊಬಸ್ಟಾ ಚೆರಿಯ ಬಿಲ್ ಹಾಕಲು ಹ್ಯಾಸ್ಕೆಲ್‌ನಲ್ಲಿ ಪ್ರೋಗ್ರಾಮ್ ಬರೆದಿದ್ದೇನೆ. ತೇವಾಂಶಕ್ಕೆ ಎಷ್ಟು ಓಟಿ (ಔಟ್‌ಟರ್ನ್, ಚೀಲಕ್ಕೆ ಸಿಗುವ ಬೀಜದ ಲೆಕ್ಕ) ಕಡಿಯಬೇಕೆಂಬ ಸೂತ್ರವನ್ನು ಅಪ್ಪ ಸೀಸನ್ ನಡುವೆಯೇ ಬದಲಿಸುತ್ತಿರುತ್ತಾರೆ. ಅದನ್ನು ಫೈಲಿನಿಂದ ಓದಿ ಹಾಗೇ ಓಡಿಸಲು ಬರುತ್ತದೆಯೇ?

ಉತ್ತರ: ಬರುತ್ತದೆ. ‘ಹಿಂಟ್’ ಎಂಬ ಲೈಬ್ರರಿ ಇರುವುದೇ ಇದಕ್ಕೆ. ಜಿಎಚ್‌ಸಿ ಎಂಬ ಹ್ಯಾಸ್ಕೆಲ್ ಕಂಪೈಲರನ್ನೇ ಅದು ನಿಮ್ಮ ಪ್ರೋಗ್ರಾಮಿನೊಳಗೆ ಕೂರಿಸುತ್ತದೆ.

50 ಕೆಜಿ ಚೆರಿ ಚೀಲದಲ್ಲಿ 27 ಕೆಜಿ ಬೀಜ ಸಿಕ್ಕರೆ 27 ಓಟಿ, ದರ ಒಂದೊಂದು ಓಟಿಗೆ. ಅಂದರೆ ನಿಮ್ಮ ಸೂತ್ರ ಓಟಿ, ತೇವಾಂಶ ಎಂಬ ಎರಡು ‘ಡಬಲ್’ (ದಶಮಾಂಶ ಸಂಖ್ಯೆ) ತೆಗೆದುಕೊಂಡು ಒಂದು ‘ಡಬಲ್’ ಕೊಡಬೇಕು. ಈ ಟೈಪನ್ನು ‘ಇಂಟರ್‌ಪ್ರೆಟ್’ ಫಂಕ್ಷನ್ನಿಗೆ ಮೊದಲೇ ಹೇಳಿಡುತ್ತೀರಿ. ಫೈಲಿನಲ್ಲಿ ಬೇರೇನೋ ಇದ್ದರೆ ಪ್ರೋಗ್ರಾಮ್ ಬೀಳುವುದಿಲ್ಲ. ಕಂಪೈಲರಿನ ದೂರು ‘ಲೆಫ್ಟ್’ ಆಗಿ, ಅಂದರೆ ತಪ್ಪಿನ ವಿವರವಿರುವ ಒಂದು ಮೌಲ್ಯವಾಗಿ, ಕೈಗೆ ಬರುತ್ತದೆ, ಹಳೆಯ ಸೂತ್ರದಲ್ಲೇ ಬಿಲ್ ಮುಂದುವರಿಸಬಹುದು. ಆದರೆ ಟೈಪ್ ಸರಿಯಿದ್ದು ಲೆಕ್ಕವೇ ತಪ್ಪಿದ್ದರೆ ಹಿಂಟ್ ಏನೂ ಮಾಡಲಾರದು. ಹ್ಯಾಸ್ಕೆಲ್ ಉತ್ತರ ಬೇಕಾಗುವವರೆಗೆ ಲೆಕ್ಕ ಮಾಡದ ಸೋಮಾರಿ ಭಾಷೆಯಾದ್ದರಿಂದ ‘ಎರರ್’ ಸಿಡಿಯುವುದೂ ಫೈಲ್ ಓದುವಾಗಲ್ಲ, ಬಿಲ್ ಮುದ್ರಿಸುವಾಗ. ಹೊಸ ಸೂತ್ರ ಬಂದೊಡನೆ ಒಂದು ಮಾದರಿ ಚೀಲದ ಲೆಕ್ಕ ಮಾಡಿಸಿ ನೋಡುವುದು ಒಳ್ಳೆಯದು.

ನಿಜವಾದ ತೊಡಕು ಬೇರೆಯಿದೆ. ಮನೆಯ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡಿದ ಪ್ರೋಗ್ರಾಮನ್ನು ಗೋದಾಮಿನ ಕಂಪ್ಯೂಟರಿಗೆ ನಕಲು ಮಾಡಿದಾಗ ಅಲ್ಲಿ ಜಿಎಚ್‌ಸಿ ಇಲ್ಲದಿದ್ದರೆ ಹಿಂಟ್ ಕೆಲಸ ಮಾಡುವುದಿಲ್ಲ. ಕಂಪೈಲರಿನ ಲೈಬ್ರರಿಗಳೂ ಪ್ಯಾಕೇಜ್ ಪಟ್ಟಿಯೂ ಓಡುವ ಜಾಗದಲ್ಲೇ ಬೇಕು, ಆವೃತ್ತಿಯೂ ಹೊಂದಬೇಕು. ಒಂದು ಕಡಿತದ ಲೆಕ್ಕಕ್ಕೆ ಇಡೀ ಕಂಪೈಲರ್ ಹೊತ್ತೊಯ್ಯುವುದು ಅತಿಯಾಯಿತು ಎನ್ನುವವನು ನಾನು. ಇನ್ನು, ಸೂತ್ರದಲ್ಲಿ ನಿಮ್ಮದೇ ‘ಚೀಲ’ದಂಥ ಟೈಪ್ ಬಳಸುವುದಾದರೆ ಅದನ್ನು ಬೇರೆ ಪ್ಯಾಕೇಜಿನಲ್ಲಿಡಿ, ಇಲ್ಲವಾದರೆ ಕಂಪೈಲ್ ಆದ ಚೀಲವೂ ಇಂಟರ್‌ಪ್ರೆಟರ್ ಲೋಡ್ ಮಾಡಿದ ಚೀಲವೂ ಬೇರೆಬೇರೆ ಟೈಪ್ ಎನಿಸಿಕೊಳ್ಳುತ್ತವೆ.

ಅಪ್ಪ ಬದಲಿಸುವುದು ಬರೀ ಅಂಕಿಯಾದರೆ ಹಿಂಟ್ ಬಿಡಿ, ಒಂದು ಕಾನ್ಫಿಗ್ ಫೈಲ್ ಧಾರಾಳ ಸಾಕು. ಕೂಡುವುದು, ಕಳೆಯುವುದು, ‘ತೇವ ಇಷ್ಟು ಮೀರಿದರೆ’ ಎಂಬ ಷರತ್ತು, ಇಷ್ಟೇ ಇದ್ದರೆ ‘ಮೆಗಾಪಾರ್ಸೆಕ್’ ಲೈಬ್ರರಿ ಹಿಡಿದು, ಸೂತ್ರದ ಪಠ್ಯವನ್ನು ಓದಿ ಅರ್ಥಮಾಡಿಕೊಳ್ಳುವ ಪುಟ್ಟ ಪಾರ್ಸರ್ ಬರೆಯಿರಿ. ಅದಕ್ಕೆ ಇಷ್ಟು ಬಿಟ್ಟು ಬೇರೆ ಆಜ್ಞೆ ತಿಳಿಯದಾದ್ದರಿಂದ ಆ ಫೈಲಿನಿಂದ ಹಾರ್ಡ್ ಡಿಸ್ಕ್ ಅಳಿಸಿಹೋಗುವ ಭಯವೂ ಇರದು. ಲೂಪು, ಫಂಕ್ಷನ್ನು ಎಲ್ಲ ಬೇಕೆಂದರೆ ‘ಎಚ್‌ಎಸ್‌ಲುವಾ’ ಲೈಬ್ರರಿಯ ಮೂಲಕ ಲುವಾ ಎಂಬ ಪುಟ್ಟ ಸ್ಕ್ರಿಪ್ಟ್ ಭಾಷೆಯನ್ನು ಒಳಗೇ ಇಟ್ಟುಕೊಳ್ಳಿ. ಗೋದಾಮಿನಲ್ಲಿ ಜಿಎಚ್‌ಸಿ ಹಾಕುವ ಗೋಜಿಲ್ಲ.